ಕಡಲಿಗೆ ಬೆನ್ನು ಹಾಕಿದ ಮನೆಗಳು

ಅಂಟಿನ ವಾಸನೆ ಬಂದರೆ ಈಗಲೂ ಸಿಂಗಪುರದ ಟೋವಾ ಪಾಯೋದ ನಮ್ಮ ಮನೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ. ಶಾಲೆಯ ಪ್ರಾಜೆಕ್ಟಿಗೆಂದು ನಾನು ಸ್ಕಾಟ್ಲೆಂಡಿನ ಒಂದು ಹಳೆಯ ಮೀನುಗಾರರ ಊರನ್ನು ರಟ್ಟಿನಲ್ಲಿ ಕಟ್ಟಿದ್ದೆ. ಲೆಕ್ಕ ನನ್ನ ದಿನಚರಿಯಲ್ಲಿದೆ: ಒಂಬತ್ತು ದಿನದ ಕೆಲಸ, ಬಂದರಿನ ಕಲ್ಲುಗೋಡೆ ಒಂದು, ಹೆರಿಂಗ್ ಮೀನು ಹಿಡಿಯುವ ದೋಣಿ ಹನ್ನೊಂದು, ಮನೆ ಇಪ್ಪತ್ತೆರಡು. ಎಲ್ಲ ಬಾಗಿಲುಗಳನ್ನೂ ಕಡಲಿನ ಕಡೆಗೇ ಇಟ್ಟಿದ್ದೆ.

ಪಕ್ಕದ ಬ್ಲಾಕಿನ ನನ್ನ ಕ್ಲಾಸಿನ ನಿಧಿ ನೋಡಲು ಬಂದಳು. ರಜೆಯಲ್ಲಿ ಅವಳು ಅಂಥದೇ ಊರಿಗೆ ಹೋಗಿಬಂದಿದ್ದಳು. ನಾನು ಹೋಗಿದ್ದು ಲೈಬ್ರರಿಗೆ.

“ಮನೆ ಎಲ್ಲಾ ಉಲ್ಟಾ ಲಾ,” ಎಂದಳು. “ಅಲ್ಲಿ ಸೀ ಕಡೆ ಬರೀ ಗೋಡೆ. ಗಾಳಿ ನಮ್ಮನ್ನೇ ತಳ್ಳುತ್ತೆ, ಆ ಕಡೆ ಬಾಗಿಲು ಇಟ್ರೆ ಅಷ್ಟೇ.”

“ಸೀ ವ್ಯೂ ಯಾರಾದ್ರೂ ಬಿಡ್ತಾರಾ?” ಎಂದೆ.

ಅಪ್ಪ ನಕ್ಕುಬಿಟ್ಟರು. “ನೀನು ಶ್ರೀಮಂತರ ಕಾಂಡೋ ಫ್ಲಾಟು ಕಟ್ಟಿದೀಯ ಕಣೇ. ನಿಧಿ ಕಣ್ಣಾರೆ ನೋಡಿ ಬಂದಿದಾಳೆ, ಅವಳು ಹೇಳಿದ ಹಾಗೆ ಮಾಡು.”

ಅವಳು ಮನೆಗೆ ಹೋಗುವವರೆಗೂ ನಾನು ರಟ್ಟನ್ನು ಮುಟ್ಟಲಿಲ್ಲ. ಆಮೇಲೆ ಇಪ್ಪತ್ತೆರಡು ಮನೆಗಳನ್ನೂ ಒಂದೊಂದಾಗಿ ಕಿತ್ತು, ತಿರುಗಿಸಿ ಅಂಟಿಸಿದೆ. ಬೆರಳ ತುದಿಯಲ್ಲಿ ಅಂಟು ಒಣಗಿ ಸಿಪ್ಪೆಯಂತೆ ಏಳುತ್ತಿತ್ತು.

ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ‘ಸಹಾಯ ಮಾಡಿದವರು’ ಎಂಬ ಸಾಲಿತ್ತು. ಅದರ ಮುಂದೆ ಅಂದವಾದ ಅಕ್ಷರಗಳಲ್ಲಿ ‘ಲೈಬ್ರರಿ’ ಎಂದು ಬರೆದೆ.