ಹಾಡಿಗಿಂತ ಮುಂಚಿನದು

“ಹಾಡು ಬ್ಯಾಡ್ರಿ ಮಾಸ್ತರ. ಹಾಡು ಶುರುವಾಗೂಕಿಂತ ಮುಂಚೆ ಏನೈತಿ, ಅಷ್ಟ ಕೇಳಸ್ರಿ.”

ಬಾಗಿಲಲ್ಲಿ ನಿಂತ ಹೆಂಗಸನ್ನು ಏಕನಾಥ ಇನ್ನೊಮ್ಮೆ ನೋಡಿದ. ಅರವತ್ತರ ಆಸುಪಾಸು, ಇಳಕಲ್ ಸೀರೆ, ಬೆರಳ ಸಂದಿಯಲ್ಲಿ ಹುಬ್ಬಳ್ಳಿ ಬಸ್ಸಿನ ಟಿಕೀಟು. ಧಾರವಾಡದ ಮಾಳಮಡ್ಡಿಯ ಈ ಮನೆಗೆ ಹಾಡು ಕೇಳಿಕೊಂಡು ಬರುವವರು ಹೊಸಬರೇನಲ್ಲ. ಇಪ್ಪತ್ತೈದು ವರ್ಷದಿಂದ ಧಾರವಾಡ, ಹುಬ್ಬಳ್ಳಿಯಲ್ಲಿ ಎಲ್ಲಿ ಸಂಗೀತದ ಬೈಠಕ್ಕು ನಡೆದರೂ ಅವನು ಟೇಪ್ ರೆಕಾರ್ಡರ್ ಹೊತ್ತುಕೊಂಡು ಮುಂದಿನ ಸಾಲಿನಲ್ಲಿ ಹಾಜರು. ಬೆಳಗಿನ ಚಹಾಕ್ಕೊಂದು, ಗಣಿತದ ಪೇಪರು ತಿದ್ದುವುದಕ್ಕೊಂದು, ರವಿವಾರದ ಮಧ್ಯಾಹ್ನಕ್ಕೊಂದು ಎಂದು ತಾನೇ ಹಾಡು ಆರಿಸಿ ಕ್ಯಾಸೆಟ್ ಜೋಡಿಸುತ್ತಿದ್ದ, ಕೇಳಿದವರಿಗೂ ಮಾಡಿಕೊಡುತ್ತಿದ್ದ. ಆದರೆ ಹಾಡೇ ಬೇಡವೆಂದವರು ಇದುವರೆಗೆ ಬಂದಿರಲಿಲ್ಲ.

“ಯಾವ ಬೈಠಕ್ಕಿಂದ್ರಿ ಅಕ್ಕಾರ?”

ಆಕೆ ಒಂದು ಚೀಟಿ ಕೊಟ್ಟಳು. ಹನ್ನೆರಡು ಫೆಬ್ರವರಿ, 1989, ಹುಬ್ಬಳ್ಳಿ. ಎರಡು ವರ್ಷದ ಹಿಂದೆ ತೀರಿಕೊಂಡ ಪಂಡಿತರೊಬ್ಬರ ಕಚೇರಿ ಅದು.

ಏಕನಾಥ ತಟ್ಟನೆ ಮೂಲೆಯ ಚೀಲದ ಕಡೆ ನೋಡಿದ. ಕಳೆದ ವರ್ಷ, 2002ರಲ್ಲಿ, ಅವನು ಕಂಪ್ಯೂಟರ್ ಕೊಂಡಿದ್ದ. ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಸೀಡಿಗೆ ಇಳಿಸುತ್ತ, ಆರಂಭದ ಕೆಮ್ಮು, ಮೈಕು ಸರಿಸುವ ಸದ್ದು, ಶ್ರುತಿ ಮಾಡಿಕೊಳ್ಳುವ ಗದ್ದಲವನ್ನೆಲ್ಲ ಕತ್ತರಿಸಿ ಒಗೆಯುತ್ತಿದ್ದ. ಕೆಲಸ ಮುಗಿದ ಕ್ಯಾಸೆಟ್ಟುಗಳು ಲಕಮನಹಳ್ಳಿಯ ಭಜನಾ ಮಂಡಳಿಗೆ ಹೋಗುತ್ತಿದ್ದವು. ಅವರು ಅದರ ಮೇಲೆಯೇ ತಮ್ಮ ಭಜನೆ ತುಂಬಿಕೊಳ್ಳುತ್ತಿದ್ದರು. ಎಂಬತ್ತೊಂಬತ್ತರದ್ದು ಹೋದ ವಾರವಷ್ಟೇ ಮುಗಿದಿತ್ತು.

ಕೊಡಬೇಕಾದ ಕ್ಯಾಸೆಟ್ಟುಗಳ ಆ ಚೀಲವನ್ನು ನೆಲಕ್ಕೆ ಸುರಿದ. ಸಂಜೆ ಮಂಡಳಿಯವರು ಬಂದು ಒಯ್ಯುವುದಿತ್ತು. ಆಕೆಯೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹುಡುಕತೊಡಗಿದಳು. ಬೇಕಾದದ್ದು ಎಲ್ಲಕ್ಕಿಂತ ಕೆಳಗೆ ಸಿಕ್ಕಿತು.

“ಅಂಥಾದ್ದೇನದ ಇದರಾಗ? ಪಂಡಿತರು ಏನರೆ ಮಾತಾಡ್ಯಾರೇನು?”

“ಮೊದಲ ಹಚ್ರಿ.”

ಯಾರೋ ಕೆಮ್ಮಿದರು. ತಬಲಾದ ಮೇಲೆ ಸುತ್ತಿಗೆಯ ಟಕ್ ಟಕ್. ಆಮೇಲೆ ತಂಬೂರಿ. ಆಕೆಯ ಬಲಗೈಯ ಎರಡು ಬೆರಳು ಮಡಿಲಲ್ಲಿ ತಾವಾಗಿಯೇ ಆಡತೊಡಗಿದವು. ನಡುಬೆರಳು ಒಮ್ಮೆ, ತೋರುಬೆರಳು ಮೂರು ಸಲ.

“ನೀವು ತಂಬೂರಿ ನುಡಸ್ತಿದ್ರೇನ್ರಿ?”

“ಹನ್ನೊಂದು ವರ್ಷ ಪಂಡಿತರ ಹಿಂದ ಕುಂತೇನಿ. ನೀವು ಮುಂದ ಟೇಪ್ ಇಟಗೊಂಡು ಕುಂದ್ರತಿದ್ದದ್ದು ನೆನಪಿತ್ತು. ಅದಕ್ಕ ಹುಡಿಕ್ಕೊಂಡು ಬಂದೆ.”

ಏಕನಾಥ ನೆನಪನ್ನು ಕೆದಕಿದ. ಪಂಡಿತರ ಉಂಗುರ ಕಣ್ಣಿಗೆ ಕಟ್ಟಿತು, ತಬಲಾದವನ ಮೀಸೆ ಕಟ್ಟಿತು. ಹಿಂದೆ ಕುಳಿತವರ ಮುಖ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಟೇಪಿನಲ್ಲಿ ಪಂಡಿತರ ದನಿ ಬಂತು: “ತಂಬೂರಿ ಶ್ರುತಿ ಇಳದದ. ನಿನಗ ಕಿವಿ ಇಲ್ಲೇನು? ಏಳು, ಬ್ಯಾರೇದವರಿಗೆ ಕೊಡು.” ಸಭೆಯಲ್ಲಿ ಗುಜುಗುಜು. ತಂಬೂರಿ ನಿಂತಿತು.

ಏಕನಾಥ ಟೇಪು ನಿಲ್ಲಿಸಿದ. ಹೋದ ವಾರ ಇದನ್ನೂ ಗದ್ದಲವೆಂದೇ ಕತ್ತರಿಸಿದ್ದ.

“ಅವರ ಹಿಂದ ಕುಂತದ್ದು ಅವತ್ತ ಕಡೀ,” ಎಂದಳು ಆಕೆ. “ಹಿಂದಿನ ದಿನ ನಾನು, ಸ್ವಂತ ಪಾಠ ಶುರು ಮಾಡತೇನ್ರಿ ಗುರುಗಳ ಅಂದಿದ್ದೆ. ಅದರ ಸಿಟ್ಟು ತುಂಬಿದ ಸಭಾದಾಗ ತೀರಿಸಿಕೊಂಡ್ರು ಅಂತ ತಿಳದೆ. ಕಡೀಕ ದವಾಖಾನ್ಯಾಗ ಮಲಗಿದಾಗ ಬಂದು ಹೋಗಂತ ಹೇಳಿ ಕಳಿಸಿದ್ರು. ನಾ ಹೋಗಲಿಲ್ಲ.” ಸ್ವಲ್ಪ ತಡೆದಳು. “ತಂಬೂರಿ ಖರೇನ ಇಳದಿತ್ತೋ ಇಲ್ಲೋ, ಅದೊಂದು ಗೊತ್ತಾಗಬೇಕು ನೋಡ್ರಿ.”

ಟೇಪು ಹಿಂದಕ್ಕೆ ಹೋಯಿತು. ಏಕನಾಥ ಕಣ್ಣು ಮುಚ್ಚಿ ಕೇಳಿದ. ತನ್ನ ಕಿವಿಯ ಮೇಲೆ ಅವನಿಗೆ ಸಣ್ಣ ಹೆಮ್ಮೆ ಇತ್ತು.

“ಎಲ್ಲಾ ಛಲೋ ಅದ ಅಲ್ರಿ. ಪಂಡಿತರು ಸುಮ್ಮನ ಸಿಟ್ಟಾಗ್ಯಾರ.”

ಆಕೆ ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದಳು. ಮತ್ತೂ ಒಮ್ಮೆ. ಸ್ಪೀಕರಿನ ಹತ್ತಿರಕ್ಕೆ ಸರಿದು, ತಲೆ ವಾಲಿಸಿ, ಉಸಿರು ಬಿಗಿಹಿಡಿದು ಕೇಳಿದಳು.

“ನಡುವಿನ ಎರಡು ತಂತಿ ಒಂದ ಸ್ವರದಾಗ ಇರತಾವ್ರಿ ಮಾಸ್ತರ. ಎರಡೂ ಬೆರತು ಒಂದ ಆಗಬೇಕು. ಈಗ ಕೇಳ್ರಿ.”

ಏಕನಾಥ ಕೇಳಿದ. ಮೊದಲ ತಂತಿ ಹಿಡಿದ ಜಾಗಕ್ಕೆ ಎರಡನೆಯದು ಬಂದು ಮುಟ್ಟುತ್ತಿರಲಿಲ್ಲ. ಕೂದಲೆಳೆಯಷ್ಟು ಕೆಳಗೆ ನಿಂತು ತೇಲುತ್ತಿತ್ತು. ಒಮ್ಮೆ ಕೇಳಿಸಿದ ಮೇಲೆ ಅದೊಂದೇ ಕೇಳಿಸತೊಡಗಿತು. ಅವನು ಟೇಪು ನಿಲ್ಲಿಸಿದ.

“ಇಳದೈತಿ,” ಎಂದಳು ಆಕೆ. “ಹದಿನಾಕು ವರ್ಷ ತಪ್ಪು ಅವರ ತಲಿ ಮ್ಯಾಲೆ ಹೊರಿಸಿಕೋತ ಬಂದೆ.”

ಒಳಗಿನಿಂದ ಚಹಾ ಬಂತು. ಕುಡಿದು ಕಪ್ಪು ಕೆಳಗಿಟ್ಟು ಆಕೆ ಕೇಳಿದಳು, “ಇದಷ್ಟ ಒಂದು ಕ್ಯಾಸೆಟ್ಟಿಗೆ ಹಾಕಿ ಕೊಡತೀರೇನ್ರಿ? ನನ್ನ ಕಡೆ ಹುಡುಗ್ಯಾರು ಕಲಿಯಾಕ ಬರತಾರ. ಇಳದ ತಂತಿ ಹೆಂಗ ಕೇಳಸತೈತಿ, ಗೊತ್ತಾಗಲಿ.”

“ಬೈದದ್ದನ್ನ ತಗದು ಹಾಕಲೇನ್ರಿ?”

“ಇರಲ್ರಿ. ಅದೂ ಪಾಠನ.”

ಏಕನಾಥ ಅಷ್ಟನ್ನೇ ತುಂಬಿಸಿದ. ಎಲ್ಲ ಸೇರಿ ಎರಡೂವರೆ ನಿಮಿಷ. ಚೀಟಿ ಅಂಟಿಸಿ, ಪೆನ್ನು ತೆಗೆದು, ತಾರೀಖು ಬರೆದ, ಊರು ಬರೆದ. ರೂಢಿಯಂತೆ ಪಂಡಿತರ ಹೆಸರಿನ ಮೊದಲ ಅಕ್ಷರಕ್ಕೆ ಕೈ ಹೋಯಿತು.

“ಅವರು ಇದರಾಗ ಹಾಡಿಲ್ಲಲ್ರಿ ಮಾಸ್ತರ,” ಎಂದಳು ಆಕೆ. “ನುಡಿಸಿದಾಕಿ ನಾನು.”

ಪೆನ್ನು ನಿಂತಿತು. ಬೆಳಗಿನಿಂದ ಎದುರಿಗೇ ಕುಳಿತಿದ್ದವಳ ಹೆಸರನ್ನು ತಾನಿನ್ನೂ ಕೇಳಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

“ಸುಹಾಸಿನಿ,” ಎಂದು ಆಕೆಯೇ ಹೇಳಿದಳು.