ಕುಸುಬೆ ಕೆಂಪು

ಪುಷ್ಯ ಮಾಸದ ಆ ಬೆಳಗ್ಗೆ ಕಟ್ಟೆಮಳಲವಾಡಿಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ ಶಿವನಂಜಮ್ಮನಿಗೆ ತನ್ನ ಹಿತ್ತಲ ಬೇಲಿಯೇ ಕಾಣುತ್ತಿರಲಿಲ್ಲ. ಬೇಲಿಯ ಮೇಲೆ ಹರವಿದ್ದ ಕೌದಿಯನ್ನು ಕೈಯಲ್ಲೇ ತಡವಿ, ಇನ್ನೂ ಹಸಿ ಎಂದುಕೊಂಡು ಶಿವನಾಮ ನೆನೆಯುತ್ತ ನಿಂತಳು. ಬಿಸಿಲೇರಿ ಮಂಜು ಸರಿದಾಗ ಬಾಯಲ್ಲಿದ್ದ ನಾಮ ಅರ್ಧಕ್ಕೇ ನಿಂತಿತು. ಕೌದಿಯ ನಡುವಿನ ಕೆಂಪು ಸುತ್ತಲಿನ ಬಿಳಿ ತುಂಡುಗಳ ಮೇಲೆಲ್ಲ ಎಲೆಅಡಿಕೆ ಉಗುಳಿದ ಹಾಗೆ ಹರಿದಿತ್ತು.

ಸೂಲಗಿತ್ತಿ ಚಿಕ್ಕಬೀರಮ್ಮನಿಗೆಂದು ಹೊಲಿದ ಕೌದಿ ಅದು. ಹುಣಸೂರಿಗೆ ಡಾಕ್ಟರಮ್ಮ ಬಂದ ಮೇಲೆ ಆ ಮುದುಕಿ, ನಲವತ್ತು ವರ್ಷ ಕೂಸುಗಳನ್ನು ಹಿಡಿದ ಕೈಗೆ ಇನ್ನು ವಿಶ್ರಾಂತಿ ಎಂದಿದ್ದಳು. ಅವಳು ಹೆರಿಗೆ ಮಾಡಿಸಿದ ಅರವತ್ತು ಮನೆಗಳಿಂದ ಒಂದೊಂದು ಹಳೆಬಟ್ಟೆ ಬಂದಿತ್ತು. ನಾಡಿದ್ದು ಶುಕ್ರವಾರ ಊರೆಲ್ಲ ಸೇರಿ ಹೊದಿಸಬೇಕು. ಹೊಲಿಗೆಯೆಲ್ಲ ಶಿವನಂಜಮ್ಮನದೇ, ಬೇರೆಯವರಿಗೆ ಸೂಜಿ ಮುಟ್ಟಲೂ ಬಿಟ್ಟಿರಲಿಲ್ಲ.

ಪಕ್ಕದ ಮನೆಯ ಪುಟ್ಟಸಿದ್ದಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ನಡುವಿನ ಕೆಂಪು ತುಂಡು ಬಣ್ಣಗಾರರ ಮನೆಯ ಜೈನಾಬಿಯದು. ಕುಸುಬೆ ಹೂವಿನ ಬಣ್ಣದಲ್ಲಿ ಅದ್ದಿದ ತನ್ನ ಮದುವೆಯ ಓಢಣಿಯನ್ನೇ ಅವಳು ಕೊಟ್ಟಿದ್ದಳು.

"ಬಣ್ಣಗಾರ್ರ ಮನೆ ಬಟ್ಟೆಗೇ ಬಣ್ಣ ನಿಲ್ನಿಲ್ಲ ಅಂದ್ರೆ ಇನ್ಯಾರ ಬಟ್ಟೆಗ್ ನಿಂತದವ್ವ," ಎಂದಳು ಪುಟ್ಟಸಿದ್ದಮ್ಮ.

ಸುದ್ದಿ ತಿಳಿದು ಆಗಷ್ಟೇ ಹಿತ್ತಲಿಗೆ ಕಾಲಿಟ್ಟಿದ್ದ ಜೈನಾಬಿಯ ಕಿವಿಗೆ ಮಾತು ಬಿತ್ತು. ಅವಳು ನೇರ ಬೇಲಿಯ ಬಳಿಗೆ ನಡೆದಳು. ಬಟ್ಟೆ ಕೊಡುವಾಗ, ಇದಕ್ಕೆ ಬೂದಿನೀರು ಸೋಕಿಸಬೇಡಿ ಎಂದು ಜೈನಾಬಿ ಎರಡು ಸಲ ಹೇಳಿದ್ದು ಶಿವನಂಜಮ್ಮನಿಗೆ ಚೆನ್ನಾಗಿ ನೆನಪಿತ್ತು. ಊರವರು ಉಟ್ಟು ಬಿಟ್ಟ ಬಟ್ಟೆ, ಮಡಿಯಾಗಲಿ ಎಂದು ನಿನ್ನೆ ಕೌದಿಯನ್ನು ತಾನೇ ಬೂದಿನೀರಿನಲ್ಲಿ ಅದ್ದಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲೇ ಕೂತುಬಿಟ್ಟಿತು.

ಜೈನಾಬಿ ಕೌದಿಯ ಅಂಚನ್ನು ಮೂಸಿದಳು. ಬೂದಿಯ ವಾಸನೆ ತಿಳಿಯದ ಮೂಗಲ್ಲ ಅದು. ಒಮ್ಮೆ ಶಿವನಂಜಮ್ಮನ ಮುಖ ನೋಡಿ, ದೊಡ್ಡದೊಂದು ಮಣ್ಣಿನ ಬಾನಿ, ಇನ್ನೊಂದು ಬುಟ್ಟಿ ಬೂದಿ, ಮನೆಗೆರಡರಂತೆ ನಿಂಬೆಹಣ್ಣು ಬೇಕೆಂದಳು.

"ಇನ್ನೂ ಬೂದಿನಾ?" ಪುಟ್ಟಸಿದ್ದಮ್ಮ ನಿಂಬೆಹಣ್ಣಿಗೆಂದು ಅತ್ತ ಹೋದೊಡನೆ ಶಿವನಂಜಮ್ಮ ಕೇಳಿದಳು.

"ಊಂ ಅಕ್ಕ. ಕುಸುಬೆ ಬೂದಿಗೆ ಬಿಡ್ತದೆ, ಹುಳಿಗೆ ಹಿಡೀತದೆ. ಇರೋ ಕೆಂಪೆಲ್ಲ ನೀರಿಗೆ ಬರ್ಲಿ. ಆಮೇಲೆ ಹುಳಿ ಹಿಂಡಿದ್ರೆ ಎಲ್ಲಾ ತುಂಡಿಗೂ ಒಂದೇ ಸಮ ಹತ್ತತದೆ."

"ನಿನ್ ಮದ್ವೆ ಕೆಂಪು ಒಂಟೋಯ್ತದಲ್ಲೇ."

"ಎಲ್ಲಿಗ್ ಹೋಗ್ತದಕ್ಕ? ಅರವತ್ತು ಮನೆಗೂ ಹಂಚ್ಕೊಂಡ್ ಹೋಯ್ತದೆ, ಅಷ್ಟೇ."

ಮಧ್ಯಾಹ್ನದವರೆಗೆ ಇಬ್ಬರೂ ಮೊಣಕೈವರೆಗೆ ಬಾನಿಯಲ್ಲಿದ್ದರು. ಓಢಣಿ ಬಿಳಿಚಿಕೊಂಡಿತು, ನೀರು ಮಂಕಾಯಿತು. ನಿಂಬೆಯ ರಸ ಬಿದ್ದೊಡನೆ ಬಾನಿ ಬುಸುಬುಸು ನೊರೆಯೆದ್ದು, ದೇವರು ಕಣ್ಣು ತೆರೆದಂತೆ ನೀರು ಕೆಂಪಾಯಿತು. ಎತ್ತಿ ನೋಡಿದರೆ ಕಲೆಯೆಂಬುದು ಎಲ್ಲಿತ್ತೋ ಹುಡುಕಬೇಕು. ಪಂಚೆಯ ಬಿಳಿ, ಮಾಸಿದ ಸೀರೆ, ರವಿಕೆಯ ತುಂಡು, ಎಲ್ಲಕ್ಕೂ ಒಂದೇ ನಸುಗೆಂಪು.

ಶುಕ್ರವಾರ ಜಗಲಿಯ ಮೇಲೆ ಕೂತ ಚಿಕ್ಕಬೀರಮ್ಮ ಕೌದಿಯನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ಸವರಿದಳು.

"ಇದು ಆಗ್ತಾನೆ ಭೂಮಿಗ್ ಬಿದ್ದ ಕೂಸಿನ ಅಂಗಾಲ್ ಬಣ್ಣ ಕಣ್ರವ್ವ," ಎಂದಳು.

ನೆರೆದಿದ್ದ ಹೆಂಗಸರೆಲ್ಲ ಒಂದು ಗೇಣು ಎತ್ತರವಾದರು. ಇಂಥ ಕೌದಿ ಹುಣಸೂರು ಸೀಮೆಯಲ್ಲೇ ಇಲ್ಲವೆಂದು ಯಾರೋ ಅಂದರು. ಹೊದಿಸುವಾಗ ತಲೆಕಡೆಯ ಅಂಚು ಹಿಡಿಯುವ ಗೌರವ ಕೌದಿ ಹೊಲಿದವಳದು. ಪುಟ್ಟಸಿದ್ದಮ್ಮ ಹೆಮ್ಮೆಯಿಂದ ಶಿವನಂಜಮ್ಮನನ್ನು ಮುಂದಕ್ಕೆ ನೂಕಿದಳು. ಶಿವನಂಜಮ್ಮ ಅಂಚು ಹಿಡಿದಳು. ಹಿಡಿದವಳು ಹಾಗೇ ನಿಂತಳು.

"ಬಣ್ಣ ಬುಟ್ಟಿದ್ದು ಜೈನಾಬಿ ಬಟ್ಟೆ ತಪ್ಪಲ್ಲ ಕಣೇ ಪುಟ್ಟಸಿದ್ದಿ," ಎಂದಳು ಎಲ್ಲರಿಗೂ ಕೇಳುವಂತೆ. "ಬ್ಯಾಡ ಅಂತ ಎರಡ್ ಸಲ ಯೋಳಿದ್ಲು. ಬೂದಿಗೆ ಅದ್ದಿದ್ದು ನಾನು."

ತಲೆಕಡೆಯ ಅಂಚನ್ನು ಜೈನಾಬಿಯ ಕೈಗಿತ್ತು, ತಾನು ಮುದುಕಿಯ ಕಾಲ ಬಳಿಗೆ ಹೋಗಿ ಕೂತಳು.