ದೋಣಿಯವನ ಮರ್ಯಾದೆ

ಬರ್ಮಾದಲ್ಲಿ, ಐರಾವತಿ ದಂಡೆಯ ನಮ್ಮೂರಿನಲ್ಲಿ, ಮಗಳ ಮದುವೆ ಮಾಡಬೇಕೆಂದರೆ ಒಂದು ಜೋಡಿ ಎತ್ತು ಮಾರಬೇಕು. ಅವಳೇ ಯಾರೊಂದಿಗಾದರೂ ಓಡಿಹೋದರೆ ಒಂದು ಬಾಳೆಗೊನೆ, ಒಂದು ತೆಂಗಿನಕಾಯಿ ಸಾಕು. ಅದನ್ನೂ ಅವರೇ ತಂದು ಕಾಲಿಗೆ ಬೀಳುತ್ತಾರೆ, ನಾವು ಕ್ಷಮಿಸುತ್ತೇವೆ.

ಮಗಳು ಮೆಚ್ಚಿದ ದೋಣಿಯವನು ಬಂಗಾರದಂಥ ಹುಡುಗ. ಮದುವೆಗೆಂದು ಮೂರು ವರ್ಷದಿಂದ ಕೂಡಿಡುತ್ತಲೇ ಇದ್ದ. ಓಡಿಸಿಕೊಂಡು ಹೋಗು ಎಂದು ತಂದೆಯಾದ ನಾನು ಬಾಯಿಬಿಟ್ಟು ಹೇಳಲಾದೀತೇ? ಇಬ್ಬರನ್ನೂ ಒಂದು ಸಿನಿಮಾಕ್ಕೆ ಕರೆದೊಯ್ದೆ. ಬಾಗಿಲಲ್ಲಿ ಒಬ್ಬ ಹುಡುಗ ನಗುನಗುತ್ತ ಟಿಕೆಟ್ ಹರಿದುಕೊಟ್ಟ. ಆ ಸಿನಿಮಾದಲ್ಲಿ ನಾಯಕ ಹುಡುಗಿಯೊಂದಿಗೆ ಓಡಿಹೋಗುತ್ತಾನೆ.

"ಹೇಗಿತ್ತಯ್ಯಾ?"

"ಅವನು ಮಾಡಿದ್ದು ತಪ್ಪು ಮಾವ. ಪಾಪ, ಆ ಅಪ್ಪನ ಮುಖ ನೋಡೋಕಾಗ್ಲಿಲ್ಲ."

"ಆ ಅಪ್ಪನಿಗೆ ಒಳಗೊಳಗೇ ಖುಷಿ ಆಗಿರ್ಬೇಕು ಕಣಯ್ಯ!"

"ಛೇ, ನಿಮಗೆ ನಾನು ಹಾಗೆ ಮಾಡ್ತೀನಾ?"

ಮಗಳು ನಿಟ್ಟುಸಿರು ಬಿಟ್ಟಳು.

ಮರುವಾರ, "ಮೂರು ದಿನ ಊರಲ್ಲಿರಲ್ಲ, ಬಾಗಿಲ ಚಿಲಕವೂ ಮುರಿದಿದೆ" ಎಂದು ಅವನಿಗೆ ಕೇಳಿಸುವಂತೆ ಹೇಳಿ ಹೊರಟೆ.

ಹಿಂದಿರುಗಿದಾಗ ಅವನೊಬ್ಬನೇ ಮೆಟ್ಟಿಲ ಮೇಲೆ ಕೂತಿದ್ದ.

"ಮನೆ ಕಾದೆ ಮಾವ. ಅವಳು ಚಿಕ್ಕಮ್ಮನ ಊರಿಗೆ ಹೋಗ್ಬೇಕು ಅಂದ್ಲು, ಆಚೆ ದಡಕ್ಕೆ ಬಿಟ್ಟೆ. ಥಿಯೇಟರಲ್ಲಿ ಟಿಕೆಟ್ ಹರೀತಿದ್ನಲ್ಲ, ಅವನೂ ಅದೇ ದೋಣಿ ಹತ್ತಿದ. ಇಬ್ಬರೂ ಇನ್ನೂ ಬಂದಿಲ್ಲ."

ಮಗಳು ಇಂದಲ್ಲ ನಾಳೆ ಬಾಳೆಗೊನೆ ಹಿಡಿದು ಬಂದಾಳು. ಅಂಥ ಅಳಿಯ ಮಾತ್ರ ನನ್ನ ಕೈತಪ್ಪಿಹೋದ.